ಹೊರಗಿನವರ ಪದ್ಯ

ಬೇಕರಿಯ ಹೆಂಗಸು ಕೇಳದೆಯೇ ಒಂದು ಸಿಹಿ ಬನ್ನನ್ನು ಪೊಟ್ಟಣಕ್ಕೆ ಹಾಕಿದಾಗ ಎವರಿಸ್ತೊನ ಬಲಗೈ ತಾನಾಗಿ ಮೇಲೆದ್ದು ಬೇಡ ಬೇಡ ಎಂದು ಆಡಿತು. ಆ ಕೈಯನ್ನು ನೋಡಿ ಅವನಿಗೆ ಅಸಹ್ಯವಾಯಿತು. ನಿನ್ನೆ ಸಂಜೆ ಶಾಲೆಯ ಹಾಲ್‌ನಲ್ಲಿ ಇಡೀ ಊರಿನ ಮುಂದೆ ಇದೇ ಕೈ ಹೀಗೇ ಮೇಲೆದ್ದಿತ್ತು, ಬಾಗಿಲಿಗೆ ಹೋಗುವ ಬದಲು ಗಾಳಿಯಲ್ಲಿ ಒಂದು ಸುತ್ತು ಹಾಕಿ, ಮುಂದಕ್ಕೆ ಹಾಡಿ ಎಂದು ಮಕ್ಕಳಿಗೆ ಸನ್ನೆ ಮಾಡಿತ್ತು. "ತಗೊಳ್ಳಿ ಮೇಷ್ಟ್ರೇ, ದುಡ್ಡು ಬೇಡ," ಎಂದಳು ಬೇಕರಿಯವಳು. "ಏನ್ ಹಾಡಿಸಿದ್ರಿ ಮಕ್ಕಳ ಕೈಲಿ! ನಮ್ಮೆಜಮಾನ್ರು ಕಣ್ಣೊರೆಸಿಕೊಂಡ್ರು. ಮದುವೆ ದಿನಾನೂ ಅತ್ತಿರಲಿಲ್ಲ ಆ ಮನುಷ್ಯ. ನಾನು ಬೇಕಾದ್ರೆ ಅತ್ತಿದ್ದೆ ಅನ್ನಿ." ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಅವನೂ ನಕ್ಕ, ತಲೆ ಬಾಗಿಸಿದ, ವಿನಯದಿಂದ ಬಾಗಿದ್ದೇನೆ ಎಂದು ಅವರೆಲ್ಲ ತಿಳಿದುಕೊಂಡಿದ್ದಾರೆ ಎಂಬುದು ಗೊತ್ತಾಗಿ ಕಿವಿ ಬಿಸಿಯಾಯಿತು. ಬನ್ನು ತೆಗೆದುಕೊಂಡು ಹೊರಗೆ ಬಂದ.

ಮಾಲಿಂಚೆ ಬೆಟ್ಟದ ನೆತ್ತಿಗೆ ರಾತ್ರಿ ಹಿಮ ಬಿದ್ದಿತ್ತು. ಬೀದಿಯ ಕಲ್ಲುಗಳು ಇನ್ನೂ ಒದ್ದೆ. ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ನಡೆಯುತ್ತ ಅವನು, ಮರೆತೆ, ಎಂದುಕೊಂಡ. ರಾತ್ರಿಯಿಡೀ ಹಾಸಿಗೆಯಲ್ಲಿ ಹೊರಳುತ್ತ ಹೇಳಿಕೊಂಡದ್ದೂ ಇದೇ. ಮರೆತೆ. ಒಳ್ಳೆಯ ಮಾತು, ಮೈಯೆಲ್ಲ ಮುಚ್ಚುವ ಕಂಬಳಿ. ಮರೆತವನನ್ನು ಯಾರೂ ಕೆಟ್ಟವನೆನ್ನುವುದಿಲ್ಲ, ಪಾಪ ಎನ್ನುತ್ತಾರೆ. ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು ಬಂದಿದ್ದರು, ಗಡಿಬಿಡಿ, ಫೋಟೊ, ಕೈಕುಲುಕುವುದು, ಈ ನಡುವೆ ಏಳು ಮಕ್ಕಳು ಬಾಗಿಲ ಹೊರಗೆ ಚಳಿಯಲ್ಲಿ ನಿಂತಿದ್ದಾರೆ ಎಂಬುದು ಮರೆತುಹೋಯಿತು. ಹೀಗೆ ಹೇಳಿಕೊಂಡರೆ ಎಲ್ಲವೂ ಸರಿಯಾಗಿ ಕೂರುತ್ತದೆ. ಆದರೆ ಆ ಮಕ್ಕಳು ಮಾತ್ರ ಬೇರೆಯೇ ಏನನ್ನೋ ನಂಬಿಕೊಂಡಿದ್ದಾರೆ, ಅದನ್ನು ತಾನು ಇವತ್ತೇ ಬಿಡಿಸಿ ಹೇಳಬೇಕು. ಇವತ್ತು ರಜೆಗೆ ಮುಂಚಿನ ಕೊನೆಯ ದಿನ. ಇವತ್ತು ಹೇಳದಿದ್ದರೆ ಅದು ಅವರ ಜೊತೆ ಮನೆಗೆ ಹೋಗುತ್ತದೆ, ಹಬ್ಬಕ್ಕೆ ಹೋಗುತ್ತದೆ, ಅವರ ಜೊತೆಯಲ್ಲೇ ಬೆಳೆಯುತ್ತದೆ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳುವುದಕ್ಕೆ ಬೇಕಾದದ್ದು ಒಂದೇ ಒಂದು ವಾಕ್ಯ.

ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ಸಿಗೆ ಮುಂಚಿನ ರಾತ್ರಿಗಳಲ್ಲಿ ಈ ಊರಿನ ಪ್ರತಿ ಬೀದಿಯಲ್ಲೂ ಅದೇ ಆಟ. ಅರ್ಧ ಜನ ಮೇಣದ ಬತ್ತಿ ಹಿಡಿದು ಬಾಗಿಲ ಹೊರಗೆ, ಇನ್ನರ್ಧ ಒಳಗೆ. ಹೊರಗಿನವರು ಬಸುರಿ ಮರಿಯಳನ್ನು ಕರೆತಂದ ಜೋಸೆಫನಾಗಿ ಒಂದು ರಾತ್ರಿಗೆ ಜಾಗ ಕೊಡಿ ಎಂದು ಹಾಡಬೇಕು, ಒಳಗಿನವರು ಹೋಗಿ ಹೋಗಿ, ಕಳ್ಳರೋ ಏನೋ ಎಂದು ಹಾಡಿನಲ್ಲೇ ಅಟ್ಟಬೇಕು. ಪದ್ಯಕ್ಕೆ ಪದ್ಯ. ಕೊನೆಗೆ ಒಳಗಿನವರಿಗೆ ಬಂದಿರುವವರು ಯಾರೆಂದು ತಿಳಿಯುತ್ತದೆ, ಅಗುಳಿ ತೆಗೆಯುತ್ತಾರೆ, ಬನ್ನಿ ಬನ್ನಿ ಎಂದು ಎಲ್ಲರೂ ಸೇರಿ ಹಾಡುತ್ತಾರೆ, ಆಮೇಲೆ ಹಣ್ಣು ಹಾಕಿ ಕುದಿಸಿದ ಬಿಸಿ ಪಾನಕ ಪೊಂಚೆ, ಜೋಳದ ಹಿಟ್ಟಿನ ಕಡುಬು ತಮಾಲೆ, ಮಕ್ಕಳು ಕೋಲಿನಿಂದ ಹೊಡೆದು ಒಡೆಯಲು ಬಣ್ಣದ ಕಾಗದ ಸುತ್ತಿ ಕೊಂಬುಗಳನ್ನು ಅಂಟಿಸಿದ ಪಿನ್ಯಾತ ಮಡಕೆ. ಅಲ್ಲಿ ಯಾರೂ ಶ್ರುತಿ ಕೇಳುವುದಿಲ್ಲ. ಅವನ ಸ್ವಂತ ಸೋದರತ್ತೆ ಹಾಡಿದರೆ ನಾಯಿಗಳು ಎದ್ದು ಹೋಗುತ್ತಿದ್ದವು, ಆದರೂ ಪ್ರತಿ ವರ್ಷ ಎಲ್ಲರಿಗಿಂತ ಮುಂದೆ ನಿಂತು ಹಾಡುತ್ತಿದ್ದಳು, ಎಲ್ಲರಿಗಿಂತ ಮೊದಲು ಒಳಗೆ ನುಗ್ಗುತ್ತಿದ್ದಳು. ಇಂಥ ಆಟವನ್ನು ಹಿಡಿದು ಜರಡಿ ಮಾಡಿದವನು ತಾನು. ಸೋಮವಾರ ಹಾಡು, ಗುರುವಾರ ಚಿತ್ರ, ಎರಡಕ್ಕೂ ಶಾಲೆಗೆ ಇವನೊಬ್ಬನೇ ಮೇಷ್ಟ್ರು. ಹೆಡ್‌ಮಿಸ್ಟ್ರೆಸ್ ಕ್ಲೆಮೆನ್ಸಿಯ ಅಮ್ಮಾವರು, ಇನ್ಸ್‌ಪೆಕ್ಟರ್ ಬರ್ತಾರೆ ಮೇಷ್ಟ್ರೇ, ಈ ಸಲ ಕಾಗೆ ಗೂಬೆ ಬೇಡ ಎಂದಿದ್ದು ನಿಜ. ಆದರೆ ಸ್ವರ ಸೇರದ ಏಳು ಮಕ್ಕಳನ್ನು ಆರಿಸಿ, ನೀವು ಹೊರಗಿನವರು, ನಿಮ್ಮದೇ ದೊಡ್ಡ ಪಾತ್ರ, ಜೋಸೆಫ್ ಮರಿಯ ನಿಂತದ್ದು ಎಲ್ಲಿ, ಹೊರಗೆ ತಾನೆ, ಎಂದು ಜೇನು ಸವರಿ ಹೇಳುವ ಉಪಾಯ ಅವನದೇ. ಹಾಲ್‌ನ ಬೀದಿ ಬಾಗಿಲು ಹಳೆಯ ಕಾಲದ ದಪ್ಪ ಹಲಗೆಯದು. ಅದರ ಆಚೆ ಏನು ಹಾಡಿದರೂ ಮಂಕಾಗಿ, ದೂರದ್ದೆಂಬಂತೆ ಕೇಳುತ್ತದೆ, ಕೇಳುವವರಿಗೆ ಅದೇ ಚೆಂದ ಎನಿಸುತ್ತದೆ.

ಆ ಏಳರಲ್ಲಿ ಒತೀಲಿಯ ಎಂಬ ಮೂರನೇ ಕ್ಲಾಸಿನ ಹುಡುಗಿಯ ಗಂಟಲು ಎಲ್ಲಕ್ಕಿಂತ ದೊಡ್ಡದು. ಸ್ವರ ಒಂದು ಮನೆ ಆಚೆ ಇದ್ದರೂ ಅವಳಿಗೆ ಸಂಕೋಚವಿಲ್ಲ, ಬಾಯಿ ತುಂಬ ಹಾಡುತ್ತಾಳೆ. ಒಂದು ಗುರುವಾರ ಅವಳು ಕಾಗದದ ಲಾಂದ್ರಕ್ಕೆ ನೇರಳೆ ಬಣ್ಣ ಹಚ್ಚುತ್ತಿದ್ದಾಗ ಅವನು ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ್ದ, "ನಿನ್ನದು ಬಣ್ಣದ ಕೈ ಮಗು. ಹಾಡು ಗೀಡು ಅಂತ ಯಾಕೆ ಕಷ್ಟಪಡ್ತೀಯ?" ಅವಳು ಕುಂಚವನ್ನು ನೀರಿಗೆ ಅದ್ದಿ ಯೋಚಿಸಿದಳು. "ಎರಡೂ ಇಟ್ಕೋಬಾರ್ದಾ ಮೇಷ್ಟ್ರೇ? ನೀವು ಇಟ್ಕೊಂಡಿದ್ದೀರಲ್ಲ?" ಅವನು ನಕ್ಕು ಅವಳ ತಲೆ ಸವರಿದ. ಈಗ ಆ ತಲೆ ಸವರಿದ್ದು ನೆನಪಾಗಿ ಬೀದಿಯ ಮಧ್ಯೆ ನಿಂತುಬಿಟ್ಟ. ಹಿಂದಿನಿಂದ ಸೈಕಲ್ಲಿನವನು ಗಂಟೆ ಬಾರಿಸಿ ಬೈದುಕೊಂಡು ಹೋದ.

ಶಾಲೆಯ ಗೇಟಿನಲ್ಲೇ ಕ್ಲೆಮೆನ್ಸಿಯ ಅಮ್ಮಾವರು ಶಾಲು ಹೊದ್ದು ನಿಂತಿದ್ದರು. ಅವನನ್ನು ಕಂಡೊಡನೆ ಎರಡೂ ಕೈ ಚಾಚಿದರು. "ಬನ್ನಿ ಬನ್ನಿ! ಸಾಹೇಬರು ಬೆಳಿಗ್ಗೇನೇ ಫೋನ್ ಮಾಡಿದ್ರು. ಜನವರಿಯಲ್ಲಿ ರಾಜಧಾನಿಗೆ ಕರಿಸ್ತಾರಂತೆ, ಗವರ್ನರ್ ಮುಂದೆ ಹಾಡಬೇಕಂತೆ. ನಮ್ಮ ಶಾಲೆ! ಒಳಗಿನ ಮಕ್ಕಳನ್ನಷ್ಟೇ ಕರಕೊಂಡು ಹೋಗಿ, ಬಸ್ಸಲ್ಲಿ ಜಾಗ ಇರೋದೇ ಅಷ್ಟು." ಅವನು ಏನೋ ಗೊಣಗಿದ. "ಏನು?" "ಹೊರಗಿನವರೂ..." "ಅಯ್ಯೋ, ಅಲ್ಲಿ ನಿಮಗೆ ಬಾಗಿಲು ಯಾರು ತಂದುಕೊಡ್ತಾರೆ?" ಎಂದು ಅವರು ನಕ್ಕರು. ಆಮೇಲೆ ದನಿ ತಗ್ಗಿಸಿ, "ನಿನ್ನೆ ಆ ಗಾಳಿ ಒಂದು ಇಲ್ದೇ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು ಅಂದ್ರು ಸಾಹೇಬ್ರು," ಎಂದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಇವರಿಗೆ ಗೊತ್ತೋ, ಗೊತ್ತಿಲ್ಲವೋ? ಗೊತ್ತಿದ್ದರೆ ಇಬ್ಬರೂ ಪಾಲುದಾರರು, ಗೊತ್ತಿಲ್ಲದಿದ್ದರೆ ತಾನೊಬ್ಬನೇ. ಎರಡರಲ್ಲಿ ಯಾವುದು ಬೇಕೆಂದು ಅವನಿಗೆ ಹೊಳೆಯಲಿಲ್ಲ. ಹೌದು ಅಮ್ಮಾವ್ರೇ, ಡಿಸೆಂಬರ್ ಗಾಳಿ, ಎಂದ.

ಡಿಸೆಂಬರ್ ಗಾಳಿ. ನಿನ್ನೆಯೂ ಇದನ್ನೇ ಹೇಳಿದ್ದ. ಕೊನೆಯ ಪದ್ಯಕ್ಕೆ ಮುಂಚೆ ಅಗುಳಿ ತೆಗೆಯಬೇಕಾದ ಜಾಗದಲ್ಲಿ ಒಳಗಿನ ಮಕ್ಕಳ ದನಿ ಅಷ್ಟು ಶುದ್ಧವಾಗಿ, ಅಷ್ಟು ತೆಳುವಾಗಿ ಮೇಲಕ್ಕೆ ಹೋಗಿ ನಿಂತಿತ್ತು. ಈಗ ಬಾಗಿಲು ತೆಗೆದರೆ ಒತೀಲಿಯ ಬಾಯಿ ತೆರೆದುಕೊಂಡು ಒಳಗೆ ಬರುತ್ತಾಳೆ, ಎಲ್ಲ ಕೆಡುತ್ತದೆ ಎಂದು ಅವನು ಹೆದರಿದ. ಒಂದೇ ಪದ್ಯ, ಇದೊಂದು ಮುಗಿಯಲಿ, ಆಮೇಲೆ ತೆಗೆದರಾಯಿತು. ಕೈ ಸುತ್ತು ಹಾಕಿತು. ಮಕ್ಕಳು ಒಂದು ಕ್ಷಣ ಮುಖ ಮುಖ ನೋಡಿಕೊಂಡು, ಮುಚ್ಚಿದ ಬಾಗಿಲನ್ನೇ ನೋಡುತ್ತ, ಬನ್ನಿ ಬನ್ನಿ ಒಳಗೆ ಬನ್ನಿ ಎಂದು ಹಾಡಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪಿಯಾನೊದ ಪಕ್ಕಕ್ಕೆ ಬಂದು ಇನ್ಸ್‌ಪೆಕ್ಟರ್ ಅವನ ಭುಜ ಹಿಡಿದುಕೊಂಡರು, ಯಾರೋ ಫೋಟೊ ತೆಗೆದರು, ಚಪ್ಪಾಳೆ ಇಳಿದ ಮೇಲೆ ಹಲಗೆಯ ಆಚೆಯಿಂದ ಹೊರಗಿನವರ ಹಾಡಿನ ಮಂಕು ಸದ್ದು ಕೇಳಿಸಿತು. "ಏನದು?" ಎಂದು ಸಾಹೇಬರು ಕಿವಿಗೊಟ್ಟರು. "ಗಾಳಿ ಸಾರ್," ಎಂದ. ಎಷ್ಟು ಬೇಗ ಬಂತು ಬಾಯಿಗೆ! ಆ ಕೂಡಲೇ ಹೊರಟುಹೋಗುತ್ತಾರೆ ಅಂದುಕೊಂಡಿದ್ದ ಸಾಹೇಬರು ಹೋಗಲಿಲ್ಲ, ಕುರ್ಚಿ ಎಳೆದುಕೊಂಡು ತಮ್ಮ ಬಾಲ್ಯದ ಮೇಷ್ಟ್ರ ಕಥೆ ಹೇಳತೊಡಗಿದರು. ಗಾಳಿ ಎಂದಾದ ಮೇಲೆ ಬಾಗಿಲು ತೆಗೆಯುವುದು ಹೇಗೆ?

ಆಗ ಒತೀಲಿಯಳ ತಾಯಿ ರೆಮೇದಿಯೊಸ್ ಬಂದಳು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವವಳು, ಅವತ್ತು ಮಡಿಕೆ ಬಿಚ್ಚಿದ ಹೊಸ ಶಾಲು ಹೊದ್ದು ಬಂದಿದ್ದಳು. ಸಾಹೇಬರನ್ನು ಕಂಡು ಎರಡು ಹೆಜ್ಜೆ ದೂರವೇ ನಿಂತು, "ಮೇಷ್ಟ್ರೇ, ಮಗೂ ಇನ್ನೂ ಆಚೆ ಇದೆ," ಎಂದಳು. ಅವನು ಎಲ್ಲರಿಗೂ ಕೇಳುವಂತೆ, "ಇನ್ನೂ ಒಂದು ಪದ್ಯ ಇದೆ ತಾಯಿ, ಸ್ವಲ್ಪ ತಾಳಿ. ಬೆತ್ಲೆಹೇಮಿನಲ್ಲಿ ಇದಕ್ಕಿಂತ ಹೆಚ್ಚು ಕಾಯಿಸಿದ್ರು!" ಎಂದ. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ರೆಮೇದಿಯೊಸ್‌ಗೆ ತಾನೇ ಏನೋ ತಪ್ಪು ಕೇಳಿದೆ ಎನಿಸಿರಬೇಕು, ಅವಳೂ ನಕ್ಕಳು, ಸೆರಗಿನಂತೆ ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಹೋಗಿ ನಿಂತಳು. ನಿಂತೇ ಇದ್ದಳು. ಮೇಷ್ಟ್ರು ಹೇಳಿದ್ದಾರಲ್ಲ! ಪಿನ್ಯಾತ ಕಟ್ಟುವ ಹೊತ್ತಿಗೆ ಅವಳು ಅಲ್ಲಿರಲಿಲ್ಲ. ಅಡುಗೆಮನೆಯ ಹಿಂಬಾಗಿಲಿನಿಂದ ಓಣಿ ಸುತ್ತಿಕೊಂಡು ಹೋಗಿ ಏಳೂ ಮಕ್ಕಳನ್ನು ಕರೆತಂದು ಒಲೆಯ ಮುಂದೆ ಕೂರಿಸಿದ್ದಳು. ಅವನು ಅಲ್ಲಿಗೆ ಹೋದಾಗ ಮಕ್ಕಳು ಪೊಂಚೆಯ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಿದ್ದರು, ತುಟಿ ನೀಲಿಯಾಗಿತ್ತು. ಎರಡನೇ ಕ್ಲಾಸಿನ ನಿಕಾನೋರ್‌ನ ಮೂಗಿನಿಂದ ಸುರಿಯುತ್ತಿತ್ತು. ಅವನು ರೆಮೇದಿಯೊಸ್‌ಳ ಮುಖ ನೋಡದೆ, "ಮರೆತೇಬಿಟ್ಟೆ ನೋಡಿ," ಎಂದ. "ಇರ್ಲಿ ಬಿಡಿ ಮೇಷ್ಟ್ರೇ, ನಿಮಗೆ ನೂರು ತಾಪತ್ರಯ," ಎಂದಳು ಅವಳು. ನಿಕಾನೋರ್ ಮೂಗೊರೆಸಿಕೊಂಡು ತಲೆ ಎತ್ತಿದ. "ನೀವು ತೆಗೀಲಿಲ್ವಲ್ಲ ಮೇಷ್ಟ್ರೇ, ನಾವು ತಪ್ಪು ಹಾಡಿದ್ವಿ ಅಂತ ಮತ್ತೆ ಮೊದಲಿಂದ ಹಾಡಿದ್ವಿ. ಆಮೇಲೆ ಮತ್ತೆ ಮೊದಲಿಂದ. ಈಗ ಸರಿಯಾಗಿ ಬರುತ್ತೆ. ಹಾಡ್ಲಾ?" ಒತೀಲಿಯ ಲೋಟದ ತಳದಲ್ಲಿದ್ದ ಹಣ್ಣಿನ ಚೂರನ್ನು ಬೆರಳಿನಿಂದ ತೆಗೆದು ತಿಂದಳು.

ಇದು ಅವನು ಬಿಡಿಸಬೇಕಾದ ಗಂಟು. ನೀವು ತಪ್ಪು ಹಾಡಲಿಲ್ಲ, ನಾನು ಬಾಗಿಲು ತೆಗೆಯಲಿಲ್ಲ. ಎಲ್ಲ ಕ್ಲಾಸಿನ ಮಕ್ಕಳೂ ಸೇರುವ ಗುರುವಾರದ ಚಿತ್ರದ ಪಾಠ ನಡೆಯುವುದು ಅದೇ ಹಾಲ್‌ನಲ್ಲಿ. ನಿನ್ನೆಯ ಕಾಗದದ ಹೂ ನೆಲದ ಮೇಲೆ ಬಿದ್ದಿತ್ತು, ಒಡೆದ ಪಿನ್ಯಾತದ ಒಂದು ಕೊಂಬು ಇನ್ನೂ ಹಗ್ಗದಲ್ಲಿ ನೇತಾಡುತ್ತಿತ್ತು, ಬೀದಿ ಬಾಗಿಲಿಗೆ ಹಾಕಿದ ಅಗುಳಿ ಹಾಗೇ ಇತ್ತು. ಅದನ್ನು ನೋಡದೆ ಅವನು ಕಾಗದ ಹಂಚಿದ. ನಿನ್ನೆಯ ಹಬ್ಬದ ಚಿತ್ರ ಬರೆಯಿರಿ ಎಂದ. ಬರೆಯುವಾಗ ಬೆಂಚುಗಳ ನಡುವೆ ಓಡಾಡುತ್ತ ಏಳು ಮಕ್ಕಳ ಕಾಗದಗಳನ್ನು ಮಾತ್ರ ಕಳ್ಳನ ಹಾಗೆ ಇಣುಕಿದ. ಮುಚ್ಚಿದ ಬಾಗಿಲು ಇರುತ್ತದೆ, ಕತ್ತಲು ಇರುತ್ತದೆ, ತಾನು ಇರುತ್ತೇನೆ ಎಂದುಕೊಂಡಿದ್ದ. ಏನೂ ಇರಲಿಲ್ಲ. ಎಲ್ಲರದೂ ಪಿನ್ಯಾತ. ನಿಕಾನೋರ್ ಮಾತ್ರ ಹಬ್ಬಕ್ಕೆ ಬಂದೇ ಇರದ ಒಂದು ಕಂದು ನಾಯಿಯನ್ನು ಬರೆದು, ಅದಕ್ಕೆ ಐದನೆಯ ಕಾಲು ಸೇರಿಸಿ, ಬಾಲ ಎಂದು ವಾದಿಸುತ್ತಿದ್ದ. ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ಮಕ್ಕಳು ತನ್ನನ್ನು ದೂರಿದ್ದರೆ ಹೇಳುವುದು ಸುಲಭವಿತ್ತು, ದೂರುವುದಕ್ಕೂ ಅವರು ಪುರಸೊತ್ತು ಮಾಡಿಕೊಂಡಿಲ್ಲ ಎನಿಸಿ, ಅಂಥದ್ದನ್ನು ಬಯಸುತ್ತಿರುವ ತನ್ನ ಮೇಲೇ ಹೇಸಿಗೆಯಾಯಿತು. ಮೇಜಿನ ಬಳಿ ಬಂದು ನಿಂತು, "ಮಕ್ಕಳೇ, ನಿನ್ನೆ..." ಎಂದ. ಎಲ್ಲ ತಲೆಗಳೂ ಮೇಲೆದ್ದವು. ಒಳಗೆ ಹಾಡಿದವರು, ಹೊರಗೆ ಹಾಡಿದವರು, ಎಲ್ಲರೂ ಒಂದೇ ಥರ ನೋಡುತ್ತಿದ್ದರು. "ನಿನ್ನೆ ಬಳಸಿದ ಕುಂಚ ಯಾರೂ ತೊಳೆದಿಲ್ಲ," ಎಂದ. ತಲೆಗಳು ಮತ್ತೆ ಬಗ್ಗಿದವು.

ಇನ್ನೊಂದು ಸಲ ಪ್ರಯತ್ನಿಸಿದ. ಬನ್ನಿನ ಪೊಟ್ಟಣವನ್ನು ತೆಗೆದುಕೊಂಡು ಒತೀಲಿಯಳ ಬೆಂಚಿಗೆ ಹೋಗಿ, "ತಗೋ, ತಿನ್ನು," ಎಂದು ಮುಂದಿಟ್ಟ. ಬಾಯಿಂದ ಬರಬೇಕಾದ ಮಾತಿಗೆ ಬದಲಾಗಿ ಬನ್ನು ಬಂದಿತ್ತು, ಅದೂ ಹೊಗಳಿಕೆಗೆ ಸಿಕ್ಕ ಬಿಟ್ಟಿ ಬನ್ನು. ಅವಳು ಅದನ್ನು ನೋಡಿ, "ಎಲ್ರಿಗೂ ಕೊಡ್ತೀರಾ?" ಎಂದು ಕೇಳಿದಳು. ಇಲ್ಲ, ನಿನಗೇ. "ಯಾಕೆ?" ಪಕ್ಕದವರು ಕಣ್ಣು ದೊಡ್ಡದು ಮಾಡಿ ಕಾಯುತ್ತಿದ್ದರು. "ಹಂಚ್ಕೊಳ್ಳಿ," ಎಂದು ಸರಿದುಹೋದ. ಬನ್ನನ್ನು ಏಳು ಚೂರು ಮಾಡುವುದು ಹೇಗೆ ಎಂದು ಹಿಂದೆ ಜಗಳ ಶುರುವಾಯಿತು. ಯಾರೋ ನಿಕಾನೋರ್‌ನ ನಾಯಿಗೂ ಒಂದು ಪಾಲು ಬೇಕೆಂದರು.

ಲಾಂದ್ರಗಳನ್ನು ಪೆಟ್ಟಿಗೆಗೆ ತುಂಬುವಾಗ ಹೊರಗಿನವರ ಲಾಂದ್ರಗಳು ಇಲ್ಲದ್ದು ಕಂಡಿತು. ಅವು ಬೀದಿಯಲ್ಲೇ ಉಳಿದಿರಬೇಕು. ನಾನೇ ತರುತ್ತೇನೆ ಎಂದು ಅವನು ಅಡುಗೆಮನೆಯ ದಾರಿಯಾಗಿ ಹೊರಟ. ಬೀದಿ ಬಾಗಿಲಿನ ಅಗುಳಿ ಮೂರು ಹೆಜ್ಜೆಯ ದೂರದಲ್ಲಿತ್ತು. ಅದನ್ನು ಮುಟ್ಟಲು ಕೈ ಬರಲಿಲ್ಲ, ಓಣಿ ಸುತ್ತಿಕೊಂಡೇ ಹೋದ. ನಿನ್ನೆ ರೆಮೇದಿಯೊಸ್ ಹೋದ ದಾರಿ ಅದು. ಕೊಳಚೆಯ ಕಾಲುವೆ ದಾಟಬೇಕು, ಕಟ್ಟಿಗೆಯ ರಾಶಿಯ ಪಕ್ಕ ಮೈ ಓರೆ ಮಾಡಿಕೊಂಡು ನುಸುಳಬೇಕು. ಹೊಸ ಶಾಲು ಹೊದ್ದುಕೊಂಡು ಅವಳು ಕತ್ತಲಲ್ಲಿ ಇಲ್ಲಿ ಹೋಗಿದ್ದಳು ಎಂದು ಯೋಚಿಸಿದ.

ಬಾಗಿಲ ಹೊರಗೆ ಲಾಂದ್ರಗಳು ಕಿಟಕಿಯ ಕಂಬಿಗೆ ಸಾಲಾಗಿ ನೇತಾಡುತ್ತಿದ್ದವು, ಯಾರೋ ಜೋಪಾನವಾಗಿ ಕಟ್ಟಿದ್ದರು. ಇಬ್ಬನಿಗೆ ಕಾಗದ ಜೋತು ಬಣ್ಣ ಹರಿದಿತ್ತು. ಹೊಸ್ತಿಲ ಕಲ್ಲಿನ ಮೇಲೆ ಮೇಣದ ಹನಿಗಳು. ದೂರ ದೂರಕ್ಕೆ ಬಿದ್ದಿರಲಿಲ್ಲ, ಬಾಗಿಲಿಗೆ ಒತ್ತಿಕೊಂಡಂತೆ ಒಂದೇ ಕಡೆ ರಾಶಿಯಾಗಿ ಬಿದ್ದಿದ್ದವು. ಅಲ್ಲೇ ಯಾಕೆ ಎಂದು ನೋಡುತ್ತ ಅವನು ಬಗ್ಗಿದ, ಬಗ್ಗಿದ್ದು ಸಾಲದೆ ಮೊಣಕಾಲೂರಿದ. ಹಲಗೆಯಲ್ಲಿ ಮರದ ಗಂಟು ಕಳಚಿ ಬಿದ್ದು ಒಂದು ತೂತಾಗಿತ್ತು, ಎಂಟು ವರ್ಷದ ಮಗುವಿನ ಕಣ್ಣಿನ ಎತ್ತರಕ್ಕೆ. ಅದರ ಅಂಚು ಮೂಗು ಕೆನ್ನೆ ತಾಗಿ ತಾಗಿ ನುಣುಪಾಗಿತ್ತು. ಇಷ್ಟು ವರ್ಷ ಈ ಹಾಲ್‌ನಲ್ಲಿ ಪಾಠ ಹೇಳಿದವನಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಕಣ್ಣಿಟ್ಟ. ಬೆಚ್ಚನೆಯ ಬೆಳಕಿನಲ್ಲಿ ಪಿಯಾನೊ ಕಂಡಿತು, ಪಿಯಾನೊದ ಪಕ್ಕದ ಕುರ್ಚಿ ಕಂಡಿತು, ನಿನ್ನೆ ತಾನು ಸಾಹೇಬರ ಜೊತೆ ನಿಂತಿದ್ದ ಜಾಗ ಚಿತ್ರಕ್ಕೆ ಚೌಕಟ್ಟು ಹಾಕಿದಷ್ಟು ಸರಿಯಾಗಿ ಕಂಡಿತು. ಬೇರೇನೂ ಕಾಣುತ್ತಿರಲಿಲ್ಲ. ಆ ಜಾಗದಲ್ಲಿ ಈಗ ಒತೀಲಿಯ ನಿಂತು, ಬಾಯಿಯಲ್ಲಿ ಬನ್ನಿನ ಚೂರು ಇಟ್ಟುಕೊಂಡು, ನೇರವಾಗಿ ಬಾಗಿಲನ್ನೇ ನೋಡುತ್ತಿದ್ದಳು. ತೂತಿನಲ್ಲಿ ಕಣ್ಣಿದ್ದರೆ ಒಳಗಿನಿಂದ ಬೆಳಕು ಮುಚ್ಚಿದ್ದು ಗೊತ್ತಾಗುತ್ತದೆಂದು ಕಾಣುತ್ತದೆ. ಅವಳು ಬಾಗಿಲಿಗೆ ಬಂದಳು. ಅಗುಳಿ ಅವಳಿಗೆ ಭಾರ, ಎರಡು ಸಲ ಜಾರಿತು, ಆಮೇಲೆ ಕಿರುಗುಟ್ಟಿ ಎದ್ದಿತು.

ಬಾಗಿಲು ಒಂದು ಗೇಣು ತೆರೆಯಿತು. ಮೊಣಕಾಲೂರಿ ಕೂತಿದ್ದ ಅವನ ಮುಖಕ್ಕೆ ಅವಳ ಮುಖ ಸರಿಸಮವಾಗಿತ್ತು.

"ಏನ್ ಮಾಡ್ತಿದ್ದೀರಿ ಮೇಷ್ಟ್ರೇ?"

"ನಿನ್ನೆ ಇದರಿಂದ ನೋಡಿದ್ರಾ?"

"ಹೂಂ. ಸರದಿ ಮೇಲೆ. ನಿಕಾನೋರ್‌ಗೆ ಎಟುಕಲಿಲ್ಲ, ಎತ್ಕೊಂಡ್ವಿ. ಭಾರ ಇದ್ದಾನೆ ಅವನು."

"ನಾನು..." ಎಂದ. ಅಂತೂ ಮಾತು ಬಂತು. "ನೀವು ತಪ್ಪು ಹಾಡಲಿಲ್ಲ ಮಗು. ನಾನು ಮರೆತುಬಿಟ್ಟೆ."

ಅವಳು ಹುಬ್ಬು ಗಂಟಿಕ್ಕಿದಳು. ಚಿತ್ರದಲ್ಲಿ ಬಣ್ಣ ಗೆರೆ ದಾಟಿದಾಗ ಗಂಟಿಕ್ಕುವಂತೆ.

"ಮರೀಲಿಲ್ಲ ನೀವು," ಎಂದಳು. "ಆಗಾಗ ಬಾಗಿಲ ಕಡೆ ನೋಡ್ತಿದ್ರಿ. ನೀವು ನೋಡಿದಾಗೆಲ್ಲ ನಾನೇ ಇವರಿಗೆ ಹೇಳ್ತಿದ್ದೆ, ಈಗ ಬರ್ತಾರೆ, ಶುರು ಮಾಡಿ ಅಂತ. ಆಗ ಹಾಡ್ತಿದ್ವಿ. ನೀವು ಆ ಕಡೆ ತಿರುಗಿದ್ರೆ ನಿಲ್ಲಿಸ್ತಿದ್ವಿ, ಸುಮ್ನೆ ಗಂಟಲು ಯಾಕೆ ಕೆಡಿಸ್ಕೊಳ್ಳೋದು."

ಹಾಡು ಕೇಳಿಸಿದ್ದಕ್ಕೆ ತಾನು ಬಾಗಿಲ ಕಡೆ ನೋಡುತ್ತಿದ್ದೆ ಎಂದು ರಾತ್ರಿಯಿಡೀ ಒಪ್ಪಿಕೊಳ್ಳಲಾಗದೆ ಒಪ್ಪಿಕೊಂಡಿದ್ದ, ಆದರೆ ನಡೆದದ್ದು ತಿರುವುಮುರುವು, ತಾನು ನೋಡಿದ್ದಕ್ಕೆ ಅವರು ಹಾಡುತ್ತಿದ್ದರು. ಪ್ರತಿ ಸಲವೂ. ಕೋಟಿನ ಜೇಬಿನೊಳಗೆ ಬಲಗೈ ಮುಷ್ಟಿಯಾಗಿತ್ತು. ಒಳಗೆ ಬೆಂಚುಗಳ ಕಡೆಯಿಂದ ಯಾರೋ, ಬಾಗಿಲು ಹಾಕೇ, ಕಾಗದ ಹಾರುತ್ತೆ, ಎಂದು ಕೂಗಿದರು. ಒತೀಲಿಯ ಅತ್ತ ತಿರುಗಿ ತಡೀರೋ ಎಂದಳು, ಒಂದು ಕೈಯಿಂದ ಅಗುಳಿ ಹಿಡಿದುಕೊಂಡೇ ಮತ್ತೆ ಅವನ ಕಡೆ ನೋಡಿದಳು. ಬೆಟ್ಟದ ಗಾಳಿ ಬೀಸಿ ಕಂಬಿಯ ಲಾಂದ್ರಗಳು ಒಂದಕ್ಕೊಂದು ತಾಗಿದವು.

"ಒಳಗೆ ಬರ್ತೀರಾ ಮೇಷ್ಟ್ರೇ, ಇಲ್ಲ ಹಾಕ್ಲಾ?"